ನಾಲ್ಕು ಟಿಬಿ ತಂದರೆ ಎರಡೇ ಟಿಬಿ ಕಾಣುತ್ತದೆ

ಮದುವೆ ಸೀಸನ್ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಫೋಟೊ ಸ್ಟುಡಿಯೊದವರವು. ಮೊನ್ನೆ ಬಂದದ್ದೂ ಅಂಥದ್ದೇ. "ಸಾರ್, ನಾಲ್ಕು ಟಿಬಿ ಹಾರ್ಡ್ ಡಿಸ್ಕ್ ತಂದು ನಾನೇ ಹಾಕ್ದೆ. ಎರಡೇ ಟಿಬಿ ತೋರಿಸ್ತಿದೆ. ಅಂಗಡಿಯವ್ನು ಟೋಪಿ ಹಾಕಿದ್ನಾ?"

"ಇಲ್ಲ, ಏನೂ ಒತ್ತಬೇಡಿ, ಬರ್ತೀನಿ" ಅಂದೆ.

ಹೋಗಿ ನೋಡಿದರೆ ಡಿಸ್ಕನ್ನು ಚೆನ್ನಾಗಿಯೇ ಕೂರಿಸಿದ್ದರು. ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಕರೆಂಟ್ ತೆಗೆದು, ಸಾಟಾ ಡೇಟಾ ಕೇಬಲ್ ಮದರ್‌ಬೋರ್ಡಿಗೆ, ಅಗಲದ ಪವರ್ ಕೇಬಲ್ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ, ನಾಲ್ಕು ಸ್ಕ್ರೂ, ಅಷ್ಟೆ. ಪವರ್ ಪಿನ್ ಸಾಲದೆ ಬಂದರೆ ಅಗ್ಗದ ಕನ್ವರ್ಟರ್ ಹಾಕುತ್ತಾರಲ್ಲ, ಅಲ್ಲಿ ಮಾತ್ರ ಜೋಪಾನ. ತಂತಿಗಳ ಮೇಲೇ ಪ್ಲಾಸ್ಟಿಕ್ ಎರಕ ಹೊಯ್ದ ಮಾದರಿಯಲ್ಲಿ ತಂತಿಗಳು ಒಳಗೊಳಗೇ ತಗುಲಿ ಸುಟ್ಟದ್ದನ್ನು ಕಂಡಿದ್ದೇನೆ. ಅಂದಹಾಗೆ ಆ ಕ್ಯಾಬಿನೆಟ್ಟಿನ ಫ್ಯಾನಿನಲ್ಲಿ ಮೂರು ಆಯುಧಪೂಜೆಯ ಕುಂಕುಮ ಇತ್ತು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಬೊಟ್ಟು ಮುಂದಿನ ಬಾಗಿಲಿಗಿಡಿ, ಗಾಳಿಕಿಂಡಿಗಲ್ಲ.

ತಪ್ಪು ಆಗಿದ್ದು ಆಮೇಲೆ. ಹೊಸ ಡಿಸ್ಕ್ ಹಾಕಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ವಿಂಡೋಸ್ ಒಂದು ಪುಟ್ಟ ಪ್ರಶ್ನೆ ಕೇಳುತ್ತದೆ: ಡಿಸ್ಕಿನ ಜಾಗದ ಲೆಕ್ಕ ಬರೆದಿಡಲು ಎಂಬಿಆರ್ ಪದ್ಧತಿ ಬೇಕೋ, ಜಿಪಿಟಿ ಬೇಕೋ? ಇವರು ಮೊದಲನೆಯದನ್ನೇ ಒತ್ತಿದ್ದರು. ಪರದೆಯ ಮೇಲೆ ಡಿಸ್ಕು 3726 ಜಿಬಿ ಎಂದಿತ್ತು. ಅದರಲ್ಲಿ 2048 ಜಿಬಿ ಒಂದು ಡಬ್ಬಿಯಲ್ಲಿ, ಮಿಕ್ಕ 1678 ಜಿಬಿ 'ಅನ್‌ಅಲೊಕೇಟೆಡ್' ಎಂಬ ಕಪ್ಪು ಪಟ್ಟಿಯಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೊಸ ಭಾಗ ಮಾಡುವ ಆಯ್ಕೆಗಳೆಲ್ಲ ಮಸುಕು, ಒಂದೂ ಒತ್ತಲು ಬರುವುದಿಲ್ಲ.

"ನಾಲ್ಕು ಸಾವಿರ ಇರಬೇಕಲ್ವಾ?" ಎಂದು ಅವರ ಇನ್ನೊಂದು ಅನುಮಾನ. ಅದು ಮೋಸವಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದಕ್ಕೇ ಒಂದು ಟಿಬಿ ಡಿಸ್ಕ್ ಯಾವಾಗಲೂ 931 ಜಿಬಿ.

ಆದರೆ ಎರಡು ಟಿಬಿಗೆ ನಿಲ್ಲುವುದಕ್ಕೆ ಕಾರಣ ಬೇರೆ. ಎಂಬಿಆರ್ ಎಂಬುದು 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಪದ್ಧತಿ. ಡಿಸ್ಕಿನ ಜಾಗವನ್ನು 512 ಬೈಟಿನ ತುಂಡುಗಳಾಗಿ ಮಾಡಿ ಪ್ರತಿಯೊಂದಕ್ಕೂ ಮನೆ ನಂಬರು ಕೊಟ್ಟಂತೆ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಬರೆಯಲು ಇಟ್ಟ ಜಾಗ 32 ಬಿಟ್. ಅಷ್ಟರಲ್ಲಿ ಸುಮಾರು 429 ಕೋಟಿ ನಂಬರುಗಳಷ್ಟೇ ಹಿಡಿಯುತ್ತವೆ. 512ರಿಂದ ಗುಣಿಸಿ ನೋಡಿ, ಸರಿಯಾಗಿ 2048 ಜಿಬಿಗೆ ಬಂದು ನಿಲ್ಲುತ್ತದೆ. ಅದರಾಚೆ ಮನೆಗಳೇನೋ ಇವೆ, ನಂಬರಿಲ್ಲ, ಅಂಚೆ ಹೋಗುವುದಿಲ್ಲ. ಹತ್ತು ಎಂಬಿ ಡಿಸ್ಕೇ ದೊಡ್ಡದಾಗಿದ್ದ ಕಾಲದಲ್ಲಿ ಇಷ್ಟು ಸಾಲದೆ ಬಂದೀತೆಂದು ಯಾರಿಗೆ ಹೊಳೆಯಬೇಕು? ಜಿಪಿಟಿಯಲ್ಲಿ ಈ ಸಂಖ್ಯೆಗೆ 64 ಬಿಟ್ ಜಾಗವಿದೆ. ಜೊತೆಗೆ ಡಿಸ್ಕಿನ ಯಾವ ಭಾಗ ಎಲ್ಲಿದೆ ಎಂಬ ತನ್ನ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿ ಇಟ್ಟುಕೊಳ್ಳುತ್ತದೆ. ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಶುರುವಾಗಬೇಕಾದರೆ ಕಂಪ್ಯೂಟರನ್ನು ಎಬ್ಬಿಸುವ ಹೊಸ ಬಗೆಯ ತಂತ್ರಾಂಶವಾದ ಯುಇಎಫ್‌ಐ ಬೇಕು. ಬರೀ ಡೇಟಾ ಇಡುವುದಕ್ಕಾದರೆ ಹಳೆಯ ಬಯೋಸ್ ಇದ್ದರೂ ನಡೆಯುತ್ತದೆ. ಹಾಗಾಗಿ ಇಂದು ಹೊಸ ಡಿಸ್ಕ್ ಹಾಕುವವರು ಜಿಪಿಟಿಯನ್ನೇ ಒತ್ತಿ.

ಮೊದಲೇ ಒತ್ತಿದ್ದರೆ ಹತ್ತು ನಿಮಿಷದ ಕೆಲಸ. ಇಲ್ಲಿ ಹಾಗಿರಲಿಲ್ಲ. ಕೇಳಿದೆ: "ಇದಕ್ಕೆ ಏನಾದ್ರೂ ಹಾಕಿದೀರಾ?"

"ಎರಡು ವರ್ಷದ ಮದುವೆಗಳು ಅದರಲ್ಲೇ ಇವೆ ಸಾರ್."

"ಕಾಪಿನಾ, ಕಟ್ಟಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಟ್" ಎಂದರು.

ಅಂದರೆ ಆ ಫೋಟೊಗಳು ಈಗ ಭೂಮಿಯ ಮೇಲೆ ಇದ್ದದ್ದು ಅದೊಂದೇ ಡಿಸ್ಕಿನಲ್ಲಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಖಾಲಿ ಡಿಸ್ಕನ್ನಷ್ಟೇ ಜಿಪಿಟಿಗೆ ಬದಲಿಸುತ್ತದೆ. ಅದರಲ್ಲಿ ಬದಲಿಸಬೇಕೆಂದರೆ ಎಲ್ಲ ಅಳಿಸಲೇಬೇಕು. ಆದ್ದರಿಂದ ಎಲ್ಲವನ್ನೂ ಹಳೆ ಡಿಸ್ಕಿಗೆ ವಾಪಸ್ ಕಾಪಿ ಮಾಡಿ, ಎರಡೂ ಕಡೆ ಫೈಲುಗಳ ಸಂಖ್ಯೆ, ಬೈಟುಗಳ ಮೊತ್ತ ತಾಳೆ ನೋಡಿ, ಅಲ್ಲಲ್ಲಿ ಹತ್ತಾರು ಫೋಟೊ ತೆರೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ಅರ್ಧ ದಿನ ಅದರಲ್ಲೇ ಕಳೆಯಿತು.

ನಂತರ ಕ್ಯಾಬಿನೆಟ್ ತೆರೆದು ಹಳೆ ಡಿಸ್ಕಿನ ಕೇಬಲ್ ಕಿತ್ತೆ. ಅವರಿಗೆ ಅರ್ಥವಾಗಲಿಲ್ಲ. ಇದು ನಾನು ಕೆಟ್ಟು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿಂಡೋಸಿನಲ್ಲಿ ಆದೇಶ ಟೈಪ್ ಮಾಡಿ ಡಿಸ್ಕ್ ಸಜ್ಜು ಮಾಡುವ ಡಿಸ್ಕ್‌ಪಾರ್ಟ್‌ನಲ್ಲಿ 'ಡಿಸ್ಕ್ 1' ಆರಿಸಿ 'ಕ್ಲೀನ್' ಕೊಟ್ಟೆ. ಹಿಂದಿನ ದಿನ ಡಿಸ್ಕ್ 1 ಆಗಿದ್ದ ಹೊಸದು, ಕೇಬಲ್ ಬೇರೆ ಪೋರ್ಟಿಗೆ ಹಾಕಿದ್ದರಿಂದ ಅಂದು ಡಿಸ್ಕ್ 2 ಆಗಿತ್ತು. ಕ್ಲೀನ್ 'ಖಂಡಿತಾ?' ಎಂದು ಕೇಳುವುದಿಲ್ಲ. ಪಟ್ಟಿ ಮಾತ್ರ ಅಳಿಸುತ್ತದೆ, ಅಲ್ಲಿಗೇ ನಿಲ್ಲಿಸಿದ್ದರೆ ಹೆಚ್ಚಿನದು ಮರಳಿ ಸಿಗುತ್ತಿತ್ತು. ನಾನು ಫಾರ್ಮ್ಯಾಟ್ ಮಾಡಿ ಹೊಸ ಫೈಲುಗಳನ್ನೂ ತುಂಬಿಬಿಟ್ಟೆ. ರಿಕವರಿಯಲ್ಲಿ ಬಂದದ್ದು ಹೆಸರಿಲ್ಲದ, ಫೋಲ್ಡರಿಲ್ಲದ ರಾಶಿ. ಯಾವ ಮನೆಯ ಕನ್ಯಾದಾನ ಯಾವುದೆಂದು ಗಿರಾಕಿ ತಿಂಗಳಾನುಗಟ್ಟಲೆ ಆರಿಸುತ್ತ ಕೂತಿದ್ದರು. ಅಂದಿನಿಂದ ಅಳಿಸುವ ಕೆಲಸವಿದ್ದರೆ ಮಿಕ್ಕ ಡಿಸ್ಕುಗಳ ಕೇಬಲ್ ಹೊರಗೆ. ತಪ್ಪು ಡಿಸ್ಕು ಸಿಸ್ಟಮ್ಮಿಗೆ ಕಾಣದಿದ್ದರೆ ತಪ್ಪಾಗಿ ಆರಿಸಲೂ ಆಗದು.

ಎಸ್‌ಎಸ್‌ಡಿ ಹಾಕಿ ಹೊಸದಾಗಿ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗಲೂ ಇದೇ ಅಭ್ಯಾಸ ಕೈಹಿಡಿಯುತ್ತದೆ. ಹಳೆ ಡಿಸ್ಕ್ ಕೂಡ ಸಿಕ್ಕಿಸಿಕೊಂಡೇ ಇದ್ದರೆ ಇನ್‌ಸ್ಟಾಲರ್ ಒಮ್ಮೊಮ್ಮೆ ಬೂಟ್ ಆಗುವ ಸಣ್ಣ ಭಾಗವನ್ನು ಹಳೆಯದರಲ್ಲಿಯೇ ಇಡುತ್ತದೆ. ಆರು ತಿಂಗಳ ನಂತರ ಹಳೆಯದನ್ನು ಬಿಚ್ಚಿದ ದಿನ ಕಂಪ್ಯೂಟರ್ ಏಳುವುದಿಲ್ಲ, ಪಾಪ ಹೊಸ ಎಸ್‌ಎಸ್‌ಡಿಗೆ ಬೈಗುಳ.

ಇನ್ನು ಎಂ.2, ಅಂದರೆ ಕೇಬಲ್ಲಿಲ್ಲದೆ ಮದರ್‌ಬೋರ್ಡಿಗೇ ಸಿಕ್ಕಿಸುವ ಪಟ್ಟಿಯಂಥ ಎಸ್‌ಎಸ್‌ಡಿಗಳು. ಕೊಳ್ಳುವಾಗ 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದಷ್ಟೇ ಅರ್ಥ. ಒಳಗಿರುವುದು ಹಳೆಯ ಬಗೆಯ ಸಾಟಾ ಆಗಿರಬಹುದು, ವೇಗದ ಬಗೆಯ ಎನ್‌ವಿಎಂಇ ಆಗಿರಬಹುದು. ಸಾಟಾ ಸೆಕೆಂಡಿಗೆ 550 ಎಂಬಿ ಆಸುಪಾಸಿನಲ್ಲಿ ನಿಲ್ಲುತ್ತದೆ, ಎನ್‌ವಿಎಂಇ ಅದರ ಹಲವು ಪಟ್ಟು. ಸ್ಲಾಟಿಗೆ ಕೂತಿತೆಂದ ಮಾತ್ರಕ್ಕೆ ಕೆಲಸ ಮಾಡಬೇಕೆಂದಿಲ್ಲ. ಇನ್ನು ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದೊಡನೆ ಒಂದೆರಡು ಸಾಟಾ ಪೋರ್ಟ್ ತಾವಾಗಿ ಬಂದ್ ಆಗುತ್ತವೆ. ಯಾವ ಪೋರ್ಟ್ ಎಂಬುದು ಮ್ಯಾನುಯಲ್‌ನ ಸಣ್ಣಕ್ಷರದಲ್ಲಿದೆ. "ಹೊಸದು ಹಾಕಿದ್ಮೇಲೆ ಹಳೇದು ಸತ್ತೋಯ್ತು" ಎನ್ನುವ ಫೋನುಗಳಲ್ಲಿ ಕೆಲವು ಇವೇ.

ಸ್ಟುಡಿಯೊದ ಡಿಸ್ಕು ಸಂಜೆಗೆ ಜಿಪಿಟಿಯಾಗಿ ಪೂರಾ 3726 ಜಿಬಿ ತೋರಿಸಿತು. ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿ ಹೋದ ಬಾರಿ ಇದ್ದ ಎಫ್ ಎಂಬ ಡ್ರೈವ್ ಅಕ್ಷರವನ್ನೇ ಕೊಟ್ಟು, ಹಳೆಯದರಿಂದ ಎಲ್ಲವನ್ನೂ ಮತ್ತೆ ಕಾಪಿ ಮಾಡಿದೆ. ಎಡಿಟಿಂಗ್ ಪ್ರಾಜೆಕ್ಟುಗಳು ಕ್ಲಿಪ್ಪನ್ನು ಹುಡುಕುವುದು ಡ್ರೈವ್ ಅಕ್ಷರ, ಫೋಲ್ಡರ್ ಎಂಬ ದಾರಿ ಹಿಡಿದು. ಎಫ್ ಹೋಗಿ ಜಿ ಆದರೆ ಇಡೀ ಟೈಮ್‌ಲೈನ್ 'ಮೀಡಿಯಾ ಇಲ್ಲ' ಅನ್ನುತ್ತದೆ.

ಹೊರಡುವಾಗ ಕೇಳಿದರು, "ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಸಿಸಿ ಕ್ಯಾಮೆರಾಕ್ಕೆ ಹಾಕ್ಲಾ ಸಾರ್?"

"ಅದರಲ್ಲಿರೋದು ಇನ್ನೆಲ್ಲಿದೆ?"

"ಈಗ ಹೊಸದ್ರಲ್ಲಿ ಇದೆಯಲ್ಲ."

"ಹಾಗಾದ್ರೆ ಅದು ಮನೆ ಬೀರುಗೆ ಹೋಗ್ಲಿ. ಕ್ಯಾಮೆರಾಕ್ಕೆ ಬೇರೆ ತಗೊಳ್ಳಿ."