ಜಿಪಿಎಸ್‌ಗೆ ಕಿವಿ ಉಂಟು, ಬಾಯಿಲ್ಲ

ಫೋನಿನಲ್ಲಿ ಜಿಪಿಎಸ್ ಇದೆ, ಎಲ್ಲಿ ಸಿಕ್ಕಿಹಾಕಿಕೊಂಡರೂ ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂಬ ಧೈರ್ಯದಲ್ಲಿ ಕಾಡು, ಬೆಟ್ಟ, ಮರುಭೂಮಿಗೆ ಹೊರಡುವವರಿದ್ದಾರೆ. ಈ ನಂಬಿಕೆ ಪ್ರಾಣಕ್ಕೇ ಎರವಾದೀತು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಸಮಯವನ್ನೂ ಸ್ಥಾನವನ್ನೂ ಸಾರುತ್ತಿರುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳನ್ನು ಕೇಳಿಸಿಕೊಂಡು ಲೆಕ್ಕ ಹಾಕುವುದು ಫೋನಿನ ಕೆಲಸ. ನೀವು ಕೆಳಗಿರುವುದು ಅವಕ್ಕೆ ಗೊತ್ತೇ ಆಗುವುದಿಲ್ಲ.

ಹೊರಗೆ ಕೂಗಿ ಹೇಳಲು ಬೇರೆ ಸಾಧನ ಬೇಕು. ಪರ್ಸನಲ್ ಲೊಕೇಟರ್ ಬೀಕನ್ ಅಂಥದ್ದು. ಆಂಟೆನಾ ಬಿಚ್ಚಿ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ, 5 ವ್ಯಾಟ್ ಶಕ್ತಿಯಲ್ಲಿ, ಸುಮಾರು 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನ ಸಂಕೇತ ಹೊರಡುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ರಕ್ಷಣಾ ವ್ಯವಸ್ಥೆ. ಶೀತಲ ಸಮರ ನಡೆಯುತ್ತಿದ್ದಾಗಲೇ, 1979ರಲ್ಲಿ, ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ ಮತ್ತು ಫ್ರಾನ್ಸ್ ಇದಕ್ಕಾಗಿ ಕೈಜೋಡಿಸಿದವು. 1982ರಲ್ಲಿ ಅದು ಮೊದಲ ಜೀವಗಳನ್ನು ಉಳಿಸಿತು.

ಇದರ ಸೊಗಸು ಇರುವುದು ಇಲ್ಲಿ: ಬೀಕನ್ ತನ್ನ ಜಾಗ ಹೇಳದಿದ್ದರೂ ಕೆಳಕಕ್ಷೆಯ ಉಪಗ್ರಹ ಅದನ್ನು ಪತ್ತೆ ಹಚ್ಚಬಲ್ಲದು. ಹತ್ತಿರ ಬರುವ ರೈಲಿನ ಸೀಟಿ ಕೀರಲಾಗಿ ಕೇಳಿ, ದಾಟಿ ಹೋಗುತ್ತಲೇ ದಪ್ಪಗಾಗುತ್ತದಲ್ಲ, ಇದೂ ಹಾಗೆಯೇ. ಇದಕ್ಕೆ ಡಾಪ್ಲರ್ ಪರಿಣಾಮ ಎನ್ನುತ್ತಾರೆ. ಕಂಪನಾಂಕ ಅತಿ ವೇಗವಾಗಿ ಇಳಿಯುವ ಕ್ಷಣವೇ ಉಪಗ್ರಹ ಬೀಕನ್ನಿಗೆ ಅತಿ ಹತ್ತಿರವಾದ ಕ್ಷಣ. ಆ ಇಳಿತ ಕಡಿದಾಗಿದ್ದರೆ ಬೀಕನ್ ಉಪಗ್ರಹದ ಹಾದಿಗೆ ಸಮೀಪ, ಮಂದವಾಗಿದ್ದರೆ ದೂರ. ಹಾದಿಯ ಎಡವೋ ಬಲವೋ ಎಂಬ ಅನುಮಾನ ಉಳಿದರೆ ಮುಂದಿನ ಸುತ್ತು ಬಗೆಹರಿಸುತ್ತದೆ. 1957ರಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಸ್ಪುಟ್ನಿಕ್‌ನ ಬೀಪ್ ಕೇಳಿ ಅದರ ಕಕ್ಷೆಯನ್ನು ಕಂಡುಕೊಂಡದ್ದು ಇದೇ ಉಪಾಯದಿಂದ. ಡಾಪ್ಲರ್ ಲೆಕ್ಕ ನಿಮ್ಮನ್ನು ಕೆಲವು ಕಿಲೋಮೀಟರ್ ಒಳಗೆ ತರುತ್ತದೆ. ಬೀಕನ್ನಿನೊಳಗೆ ಜಿಪಿಎಸ್ ಕೂಡ ಇದ್ದರೆ ಸುಮಾರು 100 ಮೀಟರ್ ಒಳಗೆ.

ಕೆಲಸ ಕೆಡುವುದು ಸಣ್ಣ ಕಾರಣಗಳಿಗೆ. ಬಂಡೆಯ ಮರೆಯಲ್ಲೋ ಇಕ್ಕಟ್ಟಾದ ಕಣಿವೆಯಲ್ಲೋ ಇದ್ದರೆ ಆಕಾಶ ಕಾಣುವ ಜಾಗಕ್ಕೆ ಸರಿಯಿರಿ. ಆಂಟೆನಾ ನೆಟ್ಟಗೆ ನಿಲ್ಲಲಿ, ಬೀಕನ್ನಿನ ಮೇಲಿರುವ ಜಿಪಿಎಸ್ ಗುರುತಿನ ಮೇಲೆ ಬೆರಳು ಬೀಳದಿರಲಿ. ಬ್ಯಾಟರಿ ಉಳಿಸಲೆಂದು ಆಗಾಗ ಆರಿಸಬೇಡಿ. ಅದು ಕನಿಷ್ಠ 24 ಗಂಟೆ ಬಾಳುವಂತೆಯೇ ರೂಪಿಸಿದ್ದು. ಒಮ್ಮೆ ಒತ್ತಿದ ಮೇಲೆ ಜಾಗ ಬದಲಿಸಬೇಡಿ. ನೋಂದಣಿ ಮಾಡಿಸದ ಬೀಕನ್ ಕೂಗಿದರೆ ಯಾರಿಗೆ ಫೋನ್ ಮಾಡಿ ವಿಚಾರಿಸಬೇಕೆಂದೇ ರಕ್ಷಣಾ ಕೇಂದ್ರಕ್ಕೆ ತಿಳಿಯದು. ಬೀಕನ್ ಬದಲು ಉಪಗ್ರಹ ಫೋನ್ ನೆಚ್ಚುವವರೂ ಗಮನಿಸಿ: ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನ್ ಒಯ್ಯುವುದು ಅಪರಾಧ. ಗಡಿ ದಾಟುವ ಮೊದಲೇ ನಿಯಮ ವಿಚಾರಿಸಿ.

ನಿರ್ದೇಶಾಂಕ ಓದಿ ಹೇಳುವಾಗಲೂ ಎಚ್ಚರ. ಪರದೆಯ ಮೇಲಿನ ಅಕ್ಷಾಂಶ 12.50 ಎಂದರೆ 12 ಡಿಗ್ರಿ 30 ಮಿನಿಟ್. ಕೇಳಿದವರು 12 ಡಿಗ್ರಿ 50 ಮಿನಿಟ್ ಎಂದು ಬರೆದುಕೊಂಡರೆ ತಂಡ ನಿಮ್ಮಿಂದ ಸುಮಾರು 37 ಕಿ.ಮೀ. ಆಚೆ ಹುಡುಕುತ್ತಿರುತ್ತದೆ. "ಹನ್ನೆರಡು ಬಿಂದು ಐದು ಸೊನ್ನೆ ಡಿಗ್ರಿ" ಎಂದು ಬಿಡಿಸಿ ಹೇಳಿ, ಅವರಿಂದ ತಿರುಗಿ ಹೇಳಿಸಿ.

ಟವರ್ ಹುಡುಕುವುದರಲ್ಲೇ ಫೋನಿನ ಬ್ಯಾಟರಿ ಬರಿದಾಗುತ್ತದೆ, ಹಾಗಾಗಿ ಅದು ಏರೋಪ್ಲೇನ್ ಮೋಡ್‌ನಲ್ಲಿರಲಿ. ಆ ಮೋಡ್ ತೆಗೆದು ನೋಡಿದಾಗ ಸಿಗ್ನಲ್ ಒಂದು ಗೆರೆ ಮಿಣುಕಿದರೆ ಕರೆಗಿಂತ ಎಸ್ಸೆಮ್ಮೆಸ್ ದಾಟುವ ಸಾಧ್ಯತೆ ಹೆಚ್ಚು. ಇನ್ನು ಸೀಟಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು ಕಿವಿಗೊಡಿ. ಉತ್ತರ ನಿಮಿಷಕ್ಕೆ ಮೂರು ಸಲ ಬರುತ್ತದೆ. ಬಂದ ಮೇಲೂ ಊದುತ್ತಲೇ ಇರಿ. ತಂಡ ದಿಕ್ಕು ಹಿಡಿಯುವುದು ಆ ಸದ್ದಿನ ಜಾಡಿನಲ್ಲೇ.