ಇನ್ಸುಲಿನ್‌ನ ‘ಯೂನಿಟ್’ ಅಂದರೆ ಎಷ್ಟು?

ಡಾಕ್ಟರು ಚೀಟಿಯಲ್ಲಿ ‘ಬೆಳಿಗ್ಗೆ 20 ಯೂನಿಟ್, ರಾತ್ರಿ 12 ಯೂನಿಟ್’ ಅಂತ ಬರೆದಿರುತ್ತಾರೆ. ಮೆಡಿಕಲ್ ಅಸಿಸ್ಟೆಂಟ್ ಕೆಲಸ ಕಲಿಯುವವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಬರುತ್ತದೆ: 20 ಯೂನಿಟ್ ಅಂದರೆ ಎಷ್ಟು ಎಂ.ಎಲ್.? ಇದಕ್ಕೆ ಒಂದೇ ಉತ್ತರ ಇಲ್ಲ. ಒಂದು ವಯಲ್‌ನಿಂದ (ಔಷಧಿಯ ಪುಟ್ಟ ಬಾಟಲಿ) ತೆಗೆದರೆ ಅದು ಅರ್ಧ ಎಂ.ಎಲ್., ಇನ್ನೊಂದರಿಂದ ತೆಗೆದರೆ ಬರೀ 0.2 ಎಂ.ಎಲ್.

ಯಾಕೆಂದರೆ ಯೂನಿಟ್ ಅನ್ನುವುದು ತೂಕವೂ ಅಲ್ಲ, ದ್ರವದ ಅಳತೆಯೂ ಅಲ್ಲ. ಅದು ಔಷಧಿಯ ಶಕ್ತಿಯ ಅಳತೆ. 1921-22ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಅವರ ಜೊತೆಗಾರರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಅದು ಪೂರ್ತಿ ಶುದ್ಧವಾಗಿರಲಿಲ್ಲ. ಒಂದು ಸಲ ತಯಾರಿಸಿದ್ದು ಜೋರಾಗಿ ಕೆಲಸ ಮಾಡಿದರೆ, ಮತ್ತೊಂದು ಸಲದ್ದು ಸಪ್ಪೆ. ತೂಕ ಹಾಕಿ ಕೊಟ್ಟರೆ ಎಷ್ಟು ಶುಗರ್ ಇಳಿಯುತ್ತದೆ ಅಂತ ಹೇಳುವ ಹಾಗಿರಲಿಲ್ಲ. ಹಾಗಾಗಿ ಉಪವಾಸ ಇಟ್ಟ ಮೊಲಕ್ಕೆ ಚುಚ್ಚಿ, ಅದರ ರಕ್ತದ ಸಕ್ಕರೆಯನ್ನು ಒಂದು ಗೊತ್ತಾದ ಮಟ್ಟಕ್ಕೆ ಇಳಿಸಲು ಎಷ್ಟು ಬೇಕೋ ಅದರಿಂದ ಯೂನಿಟ್ ಲೆಕ್ಕ ಹಾಕಿದರು. ಇವತ್ತು ಮೊಲ ಬೇಕಿಲ್ಲ, ಒಂದು ಯೂನಿಟ್ ಅಂದರೆ ಸುಮಾರು 0.035 ಮಿಲಿಗ್ರಾಂ ಇನ್ಸುಲಿನ್. ಆದರೂ ಯೂನಿಟ್ಟೇ ಉಳಿದುಕೊಂಡಿದೆ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ವಯಲ್ ಮೇಲೆ ‘40 ಐಯು/ಎಂ.ಎಲ್.’ ಅಂತ ಇರುತ್ತದೆ. ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್ (ಐಯು ಅಂದರೆ ಇಂಟರ್‌ನ್ಯಾಷನಲ್ ಯೂನಿಟ್). ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿಗೆ ಹಾಕುವ ಕಾರ್ಟ್ರಿಜ್ (ಔಷಧಿ ತುಂಬಿದ ಕೊಳವೆ) ಮತ್ತು ಕೆಲವು ಹೊಸ ಬಗೆಯ ಇನ್ಸುಲಿನ್ ವಯಲ್‌ಗಳಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಸಿರಿಂಜಿನಲ್ಲೂ ಹೀಗೇ ಎರಡು ಬಗೆ. ಕೆಂಪು ಮುಚ್ಚಳದ್ದು 40ರ ಇನ್ಸುಲಿನ್‌ಗೆ, ಕಿತ್ತಳೆ ಬಣ್ಣದ ಮುಚ್ಚಳದ್ದು 100ರದ್ದಕ್ಕೆ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟ ಮೇಲೆ ಬಣ್ಣ ಕೈಕೊಡುತ್ತದೆ, ಸಿರಿಂಜಿನ ಮೈಮೇಲೆ ಬರೆದಿರುವ ಅಂಕಿ ಓದಿ. ಸಣ್ಣ ಗೆರೆಗಳನ್ನೂ ನೋಡಿಕೊಳ್ಳಿ. 40ರ ಸಿರಿಂಜಿನಲ್ಲಿ ಒಂದು ಗೆರೆ ಒಂದು ಯೂನಿಟ್. ಒಂದು ಎಂ.ಎಲ್.ನ 100ರ ಸಿರಿಂಜಿನಲ್ಲಿ ಸಾಮಾನ್ಯವಾಗಿ ಒಂದು ಗೆರೆ ಎರಡು ಯೂನಿಟ್.

ಇವೆರಡು ಅದಲು ಬದಲಾದರೆ ಏನಾಗುತ್ತದೆ? ಲೆಕ್ಕ ಮಾಡಿ ನೋಡೋಣ. 40ರ ವಯಲ್‌ನಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಎಂ.ಎಲ್. ಅದರಲ್ಲಿರುವುದು ಬರೀ 8 ಯೂನಿಟ್. ರೋಗಿಯ ಶುಗರ್ ಇಳಿಯುವುದೇ ಇಲ್ಲ, ‘ಡೋಸ್ ಸಾಲುತ್ತಿಲ್ಲ’ ಅಂತ ಡಾಕ್ಟರು ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಉಲ್ಟಾ ಆದರೆ ಇನ್ನೂ ಭಯಂಕರ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ಕ್ಕೆ ಎಳೆದರೆ ಅರ್ಧ ಎಂ.ಎಲ್., ಅಂದರೆ 50 ಯೂನಿಟ್! ಎರಡೂವರೆ ಪಟ್ಟು. ಪ್ರಾಣಕ್ಕೇ ಕುತ್ತು ತರಬಹುದು. ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಇನ್ಸುಲಿನ್ ತೆಗೆಯಬಾರದು ಅನ್ನುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಈ ವಿಷಯ ತಪ್ಪದೆ ಹೇಳಿ. ಅಲ್ಲಿನ ಔಷಧಿ ಅಂಗಡಿಯಲ್ಲಿ ಜನರಿಗೆ ಕೊಡುವುದು 100ರ ಸಿರಿಂಜ್, 40ರದ್ದು ಅಲ್ಲಿ ನಾಯಿ ಬೆಕ್ಕುಗಳ ಇನ್ಸುಲಿನ್‌ಗೆ. ಇಲ್ಲಿಂದ 40ರ ವಯಲ್ ಒಯ್ದವರು ಸಿರಿಂಜನ್ನೂ ಸಾಕಷ್ಟು ಒಯ್ಯಬೇಕು.

ಯೂನಿಟ್ ಲೆಕ್ಕ ಇನ್ಸುಲಿನ್‌ಗೆ ಮಾತ್ರ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, 12 ಲಕ್ಷ ಯೂನಿಟ್ಟಿನ ಪೆನಿಸಿಲಿನ್ ಇಂಜೆಕ್ಷನ್, ವಾರಕ್ಕೊಮ್ಮೆ ನುಂಗುವ 60,000 ಯೂನಿಟ್ಟಿನ ವಿಟಮಿನ್ ಡಿ, ಎಲ್ಲವೂ ಇದೇ ಬಗೆ. ಆದರೆ ಒಂದರ ಯೂನಿಟ್ಟಿಗೂ ಇನ್ನೊಂದರದ್ದಕ್ಕೂ ಸಂಬಂಧವಿಲ್ಲ.

ಬರೆಯುವಾಗಲೂ ಹುಷಾರು. ಯೂನಿಟ್ ಅನ್ನುವುದಕ್ಕೆ ಬರೀ ‘ಯು’ ಅಕ್ಷರವನ್ನು ಇಂಗ್ಲಿಷಿನಲ್ಲಿ ಅಂಕಿಗೆ ಅಂಟಿಸಿ ಬರೆದರೆ, ಅದು ಸೊನ್ನೆಯ ಹಾಗೆ ಕಂಡು 10 ಇದ್ದದ್ದು 100 ಆಗಿಬಿಡುತ್ತದೆ. ಆದ್ದರಿಂದ ಪದವನ್ನು ಪೂರ್ತಿ ಬರೆಯಿರಿ, ಅಂಕಿಯ ಪಕ್ಕ ಜಾಗ ಬಿಡಿ. ಎಳೆದ ಮೇಲೆ ವಯಲ್, ಸಿರಿಂಜ್, ಚೀಟಿ ಮೂರನ್ನೂ ಇನ್ನೊಬ್ಬರಿಗೆ ತೋರಿಸಿ, ಆಮೇಲೆ ಚುಚ್ಚಿ. ಎಷ್ಟೇ ಅವಸರ ಇದ್ದರೂ ಇದನ್ನು ಬಿಡಬೇಡಿ.

ಅಕಸ್ಮಾತ್ ಜಾಸ್ತಿ ಹೋಗಿಬಿಟ್ಟರೆ ಮುಚ್ಚಿಡಬೇಡಿ, ಆಗಲೇ ಡಾಕ್ಟರಿಗೆ ತಿಳಿಸಿ ಶುಗರ್ ನೋಡಿ. ಬೆವರು, ನಡುಕ, ತಡೆಯಲಾರದ ಹಸಿವು, ಮಾತು ತೊದಲುವುದು, ಇವೆಲ್ಲ ಶುಗರ್ ಇಳಿದಿದೆ ಅನ್ನುವ ಗುರುತು. ಎಚ್ಚರ ಇದ್ದರೆ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಒಮ್ಮೆ ಸುಧಾರಿಸಿಕೊಂಡರು ಅಂತ ಸುಮ್ನೆ ಬಿಡುವ ಹಾಗೂ ಇಲ್ಲ. 30/70 ಅನ್ನುವ ಮಿಶ್ರ ಇನ್ಸುಲಿನ್‌ನಲ್ಲಿ ಬೇಗ ಕೆಲಸ ಮಾಡುವುದು 30 ಭಾಗ, ನಿಧಾನವಾಗಿ ಕೆಲಸ ಮಾಡುವುದು 70 ಭಾಗ, ಹಾಗಾಗಿ ಶುಗರ್ ಮತ್ತೆ ಇಳಿಯಬಹುದು. ಅದಕ್ಕೇ ಗಂಟೆಗಟ್ಟಲೆ, ಡಾಕ್ಟರು ಸಾಕು ಅನ್ನುವವರೆಗೂ, ಮತ್ತೆ ಮತ್ತೆ ನೋಡುತ್ತಿರಬೇಕು.