ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿದ ಹುಡುಗ

ಹೋದ ತಿಂಗಳು ಒಬ್ಬ ಹುಡುಗ ಕ್ಲಿನಿಕ್ಕಿಗೆ ಬಂದ. ಪೇಷಂಟ್ ಅಲ್ಲ. ಕೈಯಲ್ಲಿ ಇನ್ನೂರು ಪುಟದ ಹಸ್ತಪ್ರತಿ. ಸಣ್ಣ ಊರಲ್ಲಿ ನಡೆಯುವ ಡ್ರಗ್ಸ್ ಕಥೆ, ಕ್ರೈಂ ಥ್ರಿಲ್ಲರ್. "ಡಾಕ್ಟ್ರೇ, ಮೆಡಿಕಲ್ ವಿಷಯ ಸರಿ ಇದೆಯಾ, ಒಂದ್ಸಲ ನೋಡ್ಕೊಡಿ" ಅಂದ. ಎರಡು ರಾತ್ರಿ ಕೂತು ಓದಿದೆ. ಚೆನ್ನಾಗಿ ಬರೆಯುತ್ತಾನೆ. ಮಳೆ, ಬಸ್‌ಸ್ಟ್ಯಾಂಡು, ಪೊಲೀಸ್ ಸ್ಟೇಷನ್ನಿನ ಮಾತುಕತೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಚಟದ ವಿಷಯ ಬಂದ ಕಡೆಯೆಲ್ಲ ಅವನು ನೋಡಿದ ಸಿನಿಮಾಗಳೇ ಕಾಣುತ್ತವೆ. ಮಧ್ಯರಾತ್ರಿ ಕಪ್ಪು ಕಾರು ಬರುತ್ತದೆ. ಹೊರಗಿನವನೊಬ್ಬ ಇಳಿದು ಊರಿಗೆ ವಿಷ ಹಂಚಿ ಹೋಗುತ್ತಾನೆ.

ನಾನು ತಾಲ್ಲೂಕು ಊರಲ್ಲಿ ಕೆಲಸ ಮಾಡುವ ಮನೋವೈದ್ಯ. ನನ್ನ ಹತ್ತಿರ ಬರುವವರ ಕಥೆ ಆ ಕಾರಿನಿಂದ ಶುರುವಾಗುವುದು ಅಪರೂಪ. ಅದಕ್ಕೇ ಅವನಿಗೆ ಕೆರ್ಮಿಟ್ ಅನ್ನೋ ಊರಿನ ವಿಷಯ ಹೇಳಿದೆ.

ಕೆರ್ಮಿಟ್ ಇರುವುದು ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ. ಜನ ಸುಮಾರು 400. ಅಲ್ಲಿನ ಒಂದು ಮೆಡಿಕಲ್ ಶಾಪಿಗೆ ಎರಡೇ ವರ್ಷದಲ್ಲಿ ಬಂದ ಹೈಡ್ರೋಕೋಡೋನ್ ಅನ್ನೋ, ಅಫೀಮಿನ ಜಾತಿಯ ನೋವಿನ ಮಾತ್ರೆ ಹತ್ತಿರ ಹತ್ತಿರ 90 ಲಕ್ಷ. ತಲೆಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಅಲ್ಲಿನ ಪತ್ರಿಕೆಯ ವರದಿಗಾರ ಎರಿಕ್ ಐರ್ ಈ ಲೆಕ್ಕವನ್ನು ಹೊರಗೆಳೆದರು. 2017ರಲ್ಲಿ ಅವರಿಗೆ ಪುಲಿಟ್ಜರ್ ಬಂತು. ಇದರಲ್ಲಿ ಕಳ್ಳಸಾಗಣೆಯ ಲಾರಿ ಇಲ್ಲ. ಬಿಲ್ ಇದೆ, ಲೈಸೆನ್ಸ್ ಇದೆ, ಡಾಕ್ಟರ್ ಚೀಟಿ ಇದೆ.

ಶುರುವಾಗಿದ್ದು ಬೆನ್ನುನೋವಿನಿಂದ. ಗಣಿಯಲ್ಲಿ ಬಗ್ಗಿ ಬಗ್ಗಿ ದುಡಿದವರಿಗೆ ನೋವು ನಿಜವಾದದ್ದು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಅನ್ನೋ ಅದೇ ಜಾತಿಯ ನೋವಿನ ಮಾತ್ರೆ ತಂದಿತು. ಇದರಿಂದ ಚಟ ಹತ್ತುವುದು ನೂರರಲ್ಲಿ ಒಬ್ಬರಿಗೂ ಇಲ್ಲ ಅಂತ ಅದರ ರೆಪ್‌ಗಳು ಡಾಕ್ಟರುಗಳಿಗೆ ಹೇಳಿದರು. ಡಾಕ್ಟರುಗಳು ನಂಬಿದರು, ಬರೆದರು. ವರ್ಜೀನಿಯಾದ ಸೇಂಟ್ ಚಾರ್ಲ್ಸ್ ಅನ್ನೋ ಪುಟ್ಟ ಗಣಿ ಊರಿನ ವೈದ್ಯ ಆರ್ಟ್ ವ್ಯಾನ್ ಝೀ ಅಪಾಯವನ್ನು ಮೊದಮೊದಲು ಗುರುತಿಸಿ ಕೂಗಿ ಹೇಳಿದವರಲ್ಲಿ ಒಬ್ಬರು. 2007ರಲ್ಲಿ ಕಂಪನಿ ಮತ್ತು ಅದರ ಮೂವರು ಅಧಿಕಾರಿಗಳು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಎಲ್ಲ ಸೇರಿ 63 ಕೋಟಿ ಡಾಲರ್ ಮೀರಿ ದಂಡ ಬಿತ್ತು. 2010ರಲ್ಲಿ ನಶೆಗಾಗಿ ಪುಡಿ ಮಾಡಲು ಕಷ್ಟವಾಗುವಂತೆ ಮಾತ್ರೆಯನ್ನೇ ಬದಲಿಸಿದರು. ಆಗ ಎಷ್ಟೋ ಜನ ಹೆರಾಯಿನ್ ಕಡೆ ಹೊರಳಿದರು. ಆಮೇಲೆ ಅದಕ್ಕಿಂತಲೂ ತೀವ್ರವಾದ ಫೆಂಟನಿಲ್ ಬಂತು.

"ನಿಮ್ಮ ಕಥೆಯಲ್ಲಿ ಅಪರಾಧ ರಾತ್ರಿ ನಡೆಯುತ್ತೆ. ಅಲ್ಲಿ ನಡೆದದ್ದು ಹಗಲು ಹನ್ನೊಂದು ಗಂಟೆಗೆ, ಮೆಡಿಕಲ್ ಶಾಪಿನ ಕೌಂಟರಿನಲ್ಲಿ" ಅಂದೆ. ಅವನು ಬರೆದುಕೊಂಡ.

ಆಮೇಲೆ ನಮ್ಮ ಕಡೆಯದ್ದೇ ಒಂದು ಹೇಳಿದೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಏಪ್ರಿಲ್ ತಿಂಗಳು. ಫ್ಯಾನ್ ಕೆಳಗೂ ಬೆವರುವ ಮಧ್ಯಾಹ್ನ. ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹುಡುಗ ಸ್ವೆಟರ್ ಹಾಕಿದ್ದ. "ಶೀತ ಹೋಗ್ತಾನೇ ಇಲ್ಲ ಸಾರ್, ರಾತ್ರಿಯೆಲ್ಲ ಕಾಲು ಒದರ್ತಾನೆ" ಅಂದರು. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು. ಮಾತಿನ ನಡುವೆ ಆಕಳಿಸುತ್ತಿದ್ದ. ಒಂದಲ್ಲ, ಎರಡಲ್ಲ, ದವಡೆ ಬಿಟ್ಟುಹೋಗುವ ಹಾಗೆ ಮತ್ತೆ ಮತ್ತೆ. ಸ್ವೆಟರ್ ತೋಳು ಮೇಲೆತ್ತಿಸಿದೆ. ಪುಕ್ಕ ತರಿದ ಕೋಳಿಯ ಚರ್ಮದ ಹಾಗೆ ರೋಮವೆಲ್ಲ ನಿಂತಿತ್ತು. ಕಿಟಕಿ ಬೆಳಕಿಗೆ ಮುಖ ತಿರುಗಿಸಿದರೂ ಕಣ್ಣಿನ ಪಾಪೆ ಅಗಲವಾಗೇ ಇತ್ತು.

ತಾಯಿಯನ್ನು ಐದು ನಿಮಿಷ ಹೊರಗೆ ಕೂರಿಸಿದೆ. ಬೈಕಿನಿಂದ ಬಿದ್ದು ಮಂಡಿ ಆಪರೇಷನ್ ಆಗಿತ್ತು. ಆಗ ಕೊಟ್ಟ ನೋವಿನ ಮಾತ್ರೆ. ನೋವು ಹೋಯಿತು, ಮಾತ್ರೆ ಉಳಿಯಿತು. ಅದೇ ಹಳೇ ಚೀಟಿ ಮಡಚಿ ಮಡಚಿ ಸವೆದುಹೋಗಿತ್ತು. ಮಾತ್ರೆ ಸಿಕ್ಕದೆ ಎರಡು ದಿನವಾಗಿತ್ತು.

ಅಫೀಮಿನ ಜಾತಿಯ ಔಷಧಿಗಳು ಕಾಲುವೆಗೆ ಹಾಕಿದ ಕಟ್ಟೆಯ ಹಾಗೆ. ಹೊಟ್ಟೆಯ ಓಟ, ಕಣ್ಣು ಮೂಗಿನ ನೀರು, ಎದೆಬಡಿತ, ಉಸಿರು ಎಲ್ಲವನ್ನೂ ತಡೆದು ನಿಧಾನ ಮಾಡುತ್ತವೆ. ಮೈ ಸುಮ್ನೆ ಇರುವುದಿಲ್ಲ. ದಿನದಿನಕ್ಕೂ ಹಿಂದಿನಿಂದ ನೀರು ಹೆಚ್ಚಿಸಿ ಒತ್ತುತ್ತದೆ. ಒಂದು ದಿನ ಕಟ್ಟೆ ತೆಗೆದರೆ ಎಲ್ಲ ಒಟ್ಟಿಗೆ ನುಗ್ಗುತ್ತದೆ. ಆಕಳಿಕೆ, ಭೇದಿ, ನಡುಕ ಎಲ್ಲ ಅದೇ. ಆ ಹಿಂಸೆ ನಾಟಕವಲ್ಲ. "ಕೊಬ್ಬು ಇವನಿಗೆ" ಅಂತ ಬೈಯುವ ಮಾವಂದಿರನ್ನು ಕಂಡಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಸ್ತಪ್ರತಿಯ ದೊಡ್ಡ ತಪ್ಪು ಇರುವುದು ಹದಿನಾಲ್ಕನೇ ಅಧ್ಯಾಯದಲ್ಲಿ. ಚಟ ಬಿಡಿಸಲು ನಾಯಕನ ತಮ್ಮನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಅವನು ಕಿರುಚಿ ಕಿರುಚಿ ಅಲ್ಲೇ ಸಾಯುತ್ತಾನೆ. ಕುಡಿತ ಹಠಾತ್ತಾಗಿ ಬಿಟ್ಟವರಿಗೆ ಫಿಟ್ಸ್ ಬಂದು, ಬುದ್ಧಿ ಕಲಸಿ ಪ್ರಾಣ ಹೋಗಬಹುದು. ಗಟ್ಟಿಮುಟ್ಟಾದ ಯುವಕ ಈ ಮಾತ್ರೆ ಬಿಟ್ಟ ಹಿಂಸೆಯಿಂದಲೇ ಸಾಯುವುದು ತೀರಾ ಅಪರೂಪ. ಸಾವು ಕಾಯುವುದು ಆಮೇಲೆ. ಮೂರು ವಾರ ಬಿಟ್ಟಿದ್ದಾನೆ, ಮುಖದಲ್ಲಿ ಕಳೆ ಬಂದಿದೆ, ಮನೆಯವರು ದೇವರಿಗೆ ಕಾಯಿ ಒಡೆಸಿದ್ದಾರೆ. ಆಗ ಒಂದು ಸಂಜೆ ಹಳೇ ಲೆಕ್ಕದಷ್ಟೇ ತೆಗೆದುಕೊಳ್ಳುತ್ತಾನೆ. ಮೈ ಆ ಲೆಕ್ಕವನ್ನು ಮರೆತಿರುತ್ತದೆ. ಉಸಿರು ನಿಲ್ಲುತ್ತದೆ. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಹೊರಬಂದವರ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂತು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಇತ್ತು.

ಅದಕ್ಕೇ ಬಾಗಿಲು ಹಾಕುವುದು ಚಿಕಿತ್ಸೆಯಲ್ಲ. ಬ್ಯುಪ್ರೆನಾರ್ಫಿನ್, ಮೆಥಡೋನ್ ಅನ್ನೋ ಔಷಧಿಗಳಿವೆ. ಅವೂ ಅಫೀಮಿನ ಜಾತಿಯವೇ, ಆದರೆ ಹಿಂಸೆ ತಡೆದು ಮೈಯನ್ನು ಸ್ಥಿರವಾಗಿ ಇಡುತ್ತವೆ. ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಕೊಡುತ್ತೇವೆ. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತೀರಾ" ಅಂತ ಕೇಳುವವರಿದ್ದಾರೆ. ಆ ಸ್ವೆಟರ್ ಹುಡುಗ ಈಗ ಬೆಳಿಗ್ಗೆ ಆರಕ್ಕೆ ಎದ್ದು ಹಾಲಿನ ಡೈರಿಗೆ ಹೋಗುತ್ತಾನೆ. ನನಗೆ ಅಷ್ಟು ಸಾಕು. ಕೇಸಿನ ಭಯದಿಂದ ಆಸ್ಪತ್ರೆಗೆ ಬರದವರೂ ಬಹಳ. ನಮ್ಮ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇರುವುದೇ, ಸ್ವಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ಬಿಡಲು. ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ಹತ್ತಿರದ ಕೇಂದ್ರದ ಮಾಹಿತಿ ಸಿಗುತ್ತದೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಆ ಬರಹಗಾರನ ಫೋನ್ ಬಂತು. ಕಪ್ಪು ಕಾರು ತೆಗೆದುಹಾಕಿದ್ದನಂತೆ. ಕಥೆಯಲ್ಲಿ ನಾಯಕನ ತಮ್ಮ ಈಗ ಬಿಡುಗಡೆಯಾಗಿ ಮನೆಗೆ ಬಂದಿದ್ದಾನೆ. "ಡಾಕ್ಟ್ರೇ, ಅಮ್ಮನಿಗೆ ಏನು ಕೇಳಿಸುತ್ತೆ ಹೊರಗಿನಿಂದ?" ಅಂದ.

"ಗೊರಕೆ" ಅಂದೆ. "ಗಂಟಲಲ್ಲಿ ನೀರು ಗುಳುಗುಳು ಅಂದ ಹಾಗೆ, ಒಂದಕ್ಕೂ ಇನ್ನೊಂದಕ್ಕೂ ತುಂಬಾ ಹೊತ್ತು. ಚೆನ್ನಾಗಿ ನಿದ್ದೆ ಬಂದಿದೆ ಅಂದುಕೊಂಡು ಬಾಗಿಲು ಮುಂದೆ ಮಾಡಿ ಹೋಗ್ತಾರೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. "ಉಳಿಸಬೇಕು ಅಂದ್ರೆ?"

"ಲೈಟ್ ಹಾಕಿಸಿ. ತುಟಿ ನೀಲಿ, ಪಾಪೆ ಸೂಜಿಮೊನೆಯಷ್ಟು. ಕೂಗಿ ಅಲ್ಲಾಡಿಸಿದರೂ ಏಳಲ್ಲ. 108ಕ್ಕೆ ಫೋನ್ ಮಾಡಲಿ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಲಿ, ಉಸಿರು ನಿಂತರೆ ಬಾಯಿಗೆ ಬಾಯಿ ಇಟ್ಟು ಊದಲಿ. ಮಾತ್ರೆಯ ಪರಿಣಾಮ ಇಳಿಸುವ ನಲೊಕ್ಸೋನ್ ಇಂಜೆಕ್ಷನ್ ಬಿದ್ದರೆ ಕೆಲವೇ ನಿಮಿಷದಲ್ಲಿ ಕಣ್ಣು ಬಿಡ್ತಾನೆ."

"ಹಾಗಾದ್ರೆ ಅಮ್ಮ ಒಳಗೆ ಹೋಗ್ತಾಳೆ" ಅಂದ.